ಸೆರಗಿನ ಹಿಂದಿನ ಹಾಡು

ಉಣಕಲ್ಲಿನ ಚನ್ನಯ್ಯ ಗುರುವನ್ನು ಹುಡುಕಿಕೊಂಡು ಹೋಗಿ ಏನನ್ನೂ ಕಲಿತವನಲ್ಲ. ಸಾಲೆ ಬಿಟ್ಟ ಮೇಲೆ ಅಪ್ಪನ ದಲಾಲಿ ಅಂಗಡಿಯ ತಕ್ಕಡಿಯೇ ಅವನಿಗೆ ಮಾಸ್ತರ, ಹತ್ತಿ ಒತ್ತಿ ಕಟ್ಟಿದ ಅಂಡಿಗೆಯೇ ಬರೆಯುವ ಪಾಟಿ. ಮನೆಯ ರೇಡಿಯೋ ಕೆಟ್ಟರೆ ತಾನೇ ಬಿಚ್ಚುವನು, ನೀರಿನ ಮೋಟಾರು ಕುಂತರೆ ತಾನೇ ಎಬ್ಬಿಸುವನು. ಅಂಗಡಿಗೆ ಕಂಪ್ಯೂಟರು ಬಂದಾಗ ಕಲಿಸಲು ಬಂದ ಹುಡುಗನಿಗೆ ಚಹಾ ಕುಡಿಸಿ ಬೀಳ್ಕೊಟ್ಟು, ಅದನ್ನೂ ತಾನೇ ಪಳಗಿಸಿಕೊಂಡಿದ್ದ. "ಮಷೀನು ಅಂದ್ರ ಎತ್ತು ಇದ್ದಂಗ. ಮೂಗುದಾಣ ಎಲ್ಲೈತಿ ಅನ್ನೂದ ಗೊತ್ತಾದ್ರ ಸಾಕು, ಬಂದ ದಾರೀಲೆ ಬರತೈತಿ" ಎಂಬುದು ಅವನ ಮಾತು. ಎಪ್ಪತ್ತು ದಾಟಿದ ಮೇಲೂ ಆ ಮಾತು ಸುಳ್ಳಾಗಿರಲಿಲ್ಲ. ಸುಳ್ಳಾದದ್ದು ಈ ವರ್ಷ, ಒಂದು ಕ್ಯಾಸೆಟ್ಟಿನ ಮುಂದೆ.

ಮೊಮ್ಮಗಳು ನಿರುಪಮಾ ಚೊಚ್ಚಲ ಬಸುರಿ. ಧಾರವಾಡದಲ್ಲಿ ಅವಳ ತಾಯಿ ಭಾಗ್ಯಶ್ರೀಯ ಮನೆಯಲ್ಲಿ, ಹಸಿರು ಸೀರೆ ಉಡಿಸಿ ಉಡಿ ತುಂಬುವ ಕುಬಸದ ಕಾರ್ಯ ನಿಶ್ಚಯವಾಯಿತು. ಸುದ್ದಿ ಬಂದ ದಿನವೇ ಚನ್ನಯ್ಯನ ಹೆಂಡತಿ ಗೌರಕ್ಕ ಟ್ರಂಕಿನ ತಳದಿಂದ ಗುಳೇದಗುಡ್ಡದ ಕುಪ್ಪಸದ ಖಣದಲ್ಲಿ ಸುತ್ತಿಟ್ಟ ಗಂಟೊಂದನ್ನು ತಂದು ಅವನ ಮುಂದಿಟ್ಟಳು. ಬಿಚ್ಚಿದರೆ ವಿಡಿಯೋ ಕ್ಯಾಸೆಟ್ಟು. ಭಾಗ್ಯಶ್ರೀಯ ಕುಬಸದ್ದು. ಆಗ ಅವಳ ಹೊಟ್ಟೆಯಲ್ಲಿದ್ದವಳು ಈ ನಿರುಪಮಾಳೇ.

"ನಮ್ಮವ್ವನ ಹಾಡ ಇದರಾಗ ಐತ್ರಿ. ನನಗ ಅದನ್ನ ಕೇಳಸ್ರಿ. ಹಾಡಾಕ ನಾ ಕಲೀಬೇಕು," ಎಂದಳು.

ಗೌರಕ್ಕನ ತವರು ಕುಸುಗಲ್ಲು. ಆ ಮನೆತನದ ಹೆಂಗಸರಲ್ಲಿ ಒಂದು ಹಾಡಿತ್ತು. ಕುಬಸಕ್ಕೆ ಕುಂತ ಹುಡುಗಿಯ ಅಜ್ಜಿ, ಅಂದರೆ ತಾಯಿಯ ತಾಯಿ, ಅದನ್ನು ಹಾಡಬೇಕು. ಮೊದಲ ನುಡಿ ಬಸುರಿಗೆ. ಮುಂದಿನ ನುಡಿಗಳು ಒಬ್ಬೊಬ್ಬ ತಾಯಿಗೆ. ಅವಳ ತಾಯಿ, ಆ ತಾಯಿಯ ತಾಯಿ, ಹೀಗೆ ಬಾವಿಗೆ ಹಗ್ಗ ಬಿಟ್ಟ ಹಾಗೆ ಹೆಸರು ಹಿಡಿದು ಹಾಡು ಕೆಳಗಿಳಿಯುತ್ತದೆ. ಗಂಡಸರ ವಂಶ ಹೇಳಲು ಹೆಳವರು ಎತ್ತಿನ ಮೇಲೆ ಕೂತು ಊರೂರು ತಿರುಗುತ್ತಾರೆ. ಹೆಂಗಸರ ವಂಶ ಹೇಳಲು ಇದ್ದದ್ದು ಇದೊಂದು ಹಾಡು. ಬಸುರಿ ಎದುರಿಗೆ ಇಲ್ಲದೆ ಸುಮ್ಮನೆ ಗುನುಗಿದರೂ ಕೇಡು ಎಂದು ನಂಬಿಕೆ. ಹೀಗಾಗಿ ಕೂರಿಸಿ ಕಲಿಸುವ ಪದ್ಧತಿ ಇರಲಿಲ್ಲ. ಕಾರ್ಯದಲ್ಲಿ ಕೇಳಬೇಕು, ಕೇಳಿದ್ದು ಎದೆಯಲ್ಲಿ ಉಳಿಯಬೇಕು.

ಗೌರಕ್ಕನ ಎದೆಯಲ್ಲಿ ಉಳಿದದ್ದು ಮೊದಲ ನುಡಿ ಒಂದೇ. ತನ್ನ ಕುಬಸದಲ್ಲಿ ಅವಳು ನಾಚಿ ತಲೆ ತಗ್ಗಿಸಿ ಕೂತವಳು, ಅದರ ಮುಂದಿನದೇನೂ ಕಿವಿಗೆ ಬಿದ್ದಿರಲಿಲ್ಲ. ಮಗಳ ಕುಬಸದಲ್ಲಿ ತನ್ನ ತಾಯಿ ಕಲ್ಲವ್ವ ಹಾಡುವಾಗ, ಇವಳು ಅಡುಗೆ ಮನೆಯಲ್ಲಿ ಹೋಳಿಗೆಯ ಪುಟ್ಟಿ ಎಣಿಸುತ್ತಿದ್ದಳು. "ಕ್ಯಾಸೆಟ್ಟಿನಾಗ ಐತೆಲ್ಲ, ಯಾವಾಗರೆ ಕೇಳಿದ್ರಾತು" ಎಂದು ಸುಮ್ಮನಾಗಿದ್ದಳು. ಮರುವರ್ಷ ಕಲ್ಲವ್ವ ತೀರಿಕೊಂಡಳು. ತಾಯಿಯ ಮುಖ ನೋಡುವ ಧೈರ್ಯ ಸಾಲದೆ ಗೌರಕ್ಕ ಕ್ಯಾಸೆಟ್ಟನ್ನು ಖಣದಲ್ಲಿ ಸುತ್ತಿ ಟ್ರಂಕಿಗೆ ಹಾಕಿದಳು. ಹಾಡು ಕೇಳಿದ್ದ ಮುದುಕಿಯರೆಲ್ಲ ಒಬ್ಬೊಬ್ಬರೇ ಹೋದರು. ಕುಸುಗಲ್ಲಿನಲ್ಲಿ ಉಳಿದ ಒಬ್ಬ ಚಿಗವ್ವನಿಗೆ ಈಗ ತನ್ನ ಹೆಸರೂ ನೆನಪಿಲ್ಲ.

"ಅಪ್ಪಾ, ಕೇಶ್ವಾಪುರದಾಗ ಅಮೀನಸಾಬ ಕಾಕಾಗ ಕೊಡ್ರಿ. ಅವರs ಶೂಟಿಂಗ್ ಮಾಡಿದ್ದು, ಅವರs ಡಿಸ್ಕ್ ಮಾಡಿ ಕೊಡ್ತಾರ," ಎಂದ ಮಗ ಪ್ರಸಾದ. ಈಗ ದಲಾಲಿ ಅಂಗಡಿ ನೋಡುವವನು ಅವನೇ.

"ಕೈಯಾಗ ಬೆಣ್ಣಿ ಇಟಗೊಂಡು ತುಪ್ಪಕ್ಕ ಊರ ತಿರಗೂದ ಯಾಕೋ? ನಾ ಇನ್ನೂ ಜೀವಂತ ಅದೀನಿ."

"ಹಂಗಲ್ರೀ ಅಪ್ಪಾ..."

"ಹಂಗೂ ಅಲ್ಲ, ಹಿಂಗೂ ಅಲ್ಲ. ನಿನ್ನ ಲ್ಯಾಪ್‌ಟಾಪ್ ಇಲ್ಲೆ ಇಟ್ಟ ಹೋಗು."

ಅಟ್ಟದ ಮೇಲಿನ ವಿಸಿಆರ್ ಕೆಳಗಿಳಿಯಿತು. ಜೇಡರ ಬಲೆ ಒರೆಸಿ, ಹರಿದ ಬೆಲ್ಟು ಬದಲಿಸಿ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತು ರೂಪಾಯಿಯ ಹೊಸ ನೋಟಿನಿಂದ ಅದರ ಹೆಡ್ಡನ್ನು ಮೆಲ್ಲಗೆ ತಿಕ್ಕಿದ. ಹಳಬರು ಮಾಡುತ್ತಿದ್ದ ಉಪಾಯ ಅದು, ಇಂದಿಗೂ ಕೈಕೊಡಲಿಲ್ಲ. ಕೊಪ್ಪಿಕರ ರಸ್ತೆಗೆ ಹೋಗಿ ವಿಸಿಆರಿನಿಂದ ಲ್ಯಾಪ್‌ಟಾಪಿಗೆ ಚಿತ್ರ ಹಾಯಿಸುವ ವಾಯರು ತಂದ. ಇಲ್ಲಿಯವರೆಗೆ ಎಲ್ಲವೂ ಬೆಣ್ಣೆಯಿಂದ ಕೂದಲು ಎಳೆದಂತೆ ಆಯಿತು. ತೊಡಕು ಶುರುವಾದದ್ದು ಸಾಫ್ಟ್‌ವೇರು ಆರಿಸುವಾಗ.

ಎತ್ತು ಕೊಳ್ಳುವವನು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಹತ್ತು ಹೆಜ್ಜೆ ನಡೆಸಿ ನೋಡುತ್ತಾನೆ. ಇದಕ್ಕೆ ಹಲ್ಲು ಎಲ್ಲಿ, ಸುಳಿ ಎಲ್ಲಿ? ಮೊದಲು ಸಿಕ್ಕಿದ್ದು ಪುಕ್ಕಟೆಯದು. ಚಿತ್ರವನ್ನೇನೋ ಇಳಿಸಿಕೊಂಡಿತು. ಆದರೆ ಎತ್ತಿನ ತೊಡೆಗೆ ಮುದ್ರೆ ಕಾಸಿ ಒತ್ತಿದ ಹಾಗೆ, ಭಾಗ್ಯಶ್ರೀಯ ಮುಖದ ಮೇಲೆ ಅಡ್ಡಡ್ಡ ತನ್ನ ಹೆಸರು ಬರೆದುಬಿಟ್ಟಿತು. ಎರಡನೆಯದು ದೊಡ್ಡ ದೊಡ್ಡ ಸಿನಿಮಾದವರು ಬಳಸುವಂಥದಂತೆ. ಅದನ್ನು ತೆರೆದದ್ದೇ ತಡ, ಲ್ಯಾಪ್‌ಟಾಪು ಉಬ್ಬಸದ ಮುದುಕನಂತೆ ಏದುಸಿರು ಬಿಡುತ್ತ ಕುಂತಲ್ಲೇ ಕುಂತಿತು. ಪ್ರಸಾದ ಮಾರ್ಕೆಟ್ಟಿನಿಂದ ಫೋನಿನಲ್ಲಿ ಗೋಗರೆದ, "ಅಪ್ಪಾ, ಅದರಾಗ ನನ್ನ ಬಿಲ್ ಅದಾವ್ರಿ!" ಮೂರನೆಯದು ಎಲ್ಲ ಮಾಡಿ ಮುಗಿಸುವವರೆಗೆ ಸುಮ್ಮನಿದ್ದು, ಕೊನೆಗೆ ತಿಂಗಳು ತಿಂಗಳು ಬಾಡಿಗೆ ಕಟ್ಟು ಎಂದಿತು. "ಮಗಳ ಕುಬಸ ನಂದು, ಕ್ಯಾಸೆಟ್ ನಂದು, ನಿನಗ್ಯಾಕೋ ಬಾಡಗಿ?" ಎಂದು ಚನ್ನಯ್ಯ ಪರದೆಯ ಜೊತೆ ಜಗಳಕ್ಕೆ ನಿಂತ.

"ಅದರ ಕೂಡ ಯಾಕ ಒದರ್ತೀರಿ? ಅದೇನ ನಿಮ್ಮ ಹಮಾಲನ?" ಎಂದಳು ಗೌರಕ್ಕ.

ನಾಲ್ಕನೆಯದು ಹೊಂದಿತು. ಯೂಟ್ಯೂಬಿನಲ್ಲಿ ಹಿಂದಿ ಹುಡುಗನೊಬ್ಬ ಗುಂಡು ಹೊಡೆದ ಹಾಗೆ ಮಾತಾಡುತ್ತ ಕಲಿಸುತ್ತಿದ್ದ. ಚನ್ನಯ್ಯ ಅವನನ್ನು ಹೆಜ್ಜೆಹೆಜ್ಜೆಗೆ ನಿಲ್ಲಿಸಿ, ಹಿಂದಕ್ಕೆ ಕಳಿಸಿ, ಮತ್ತೆ ಹೇಳಿಸಿಕೊಂಡು ಕಲಿತ. ಕೊನೆಗೊಂದು ಸಂಜೆ ಕೂಗಿದ, "ಬಾರs ಗೌರಾ, ನಿಮ್ಮವ್ವ ಬಂದ್ಲು!"

ಗೌರಕ್ಕ ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಕೂತಳು. ಪರದೆಯ ಮೇಲೆ ಕಮಲವೊಂದು ಎಸಳೆಸಳಾಗಿ ಬಿಚ್ಚಿಕೊಂಡಿತು. ಅದರೊಳಗಿಂದ ಹಸಿರು ಸೀರೆಯ ಭಾಗ್ಯಶ್ರೀ ಮೂಡಿದಳು. ಬಳೆ ತೊಡಿಸಿದರು, ಆರತಿ ಎತ್ತಿದರು. ಕಲ್ಲವ್ವ ಮೊಮ್ಮಗಳ ಎಡಕ್ಕೆ ಬಂದು ಕೂತಳು. ಹಿನ್ನೆಲೆಯಲ್ಲಿ ಆ ಕಾಲದ ಸಿನಿಮಾ ಹಾಡೊಂದು ಡೋಲು, ಪಿಟೀಲು ಕಟ್ಟಿಕೊಂಡು ಭರ್ಜರಿಯಾಗಿ ಬರುತ್ತಿತ್ತು.

"ಆ ಹಾಡ ಸಣ್ಣ ಮಾಡ್ರಿ. ಅವ್ವನ ದನಿ ಕೇಳವೊಲ್ದು."

ಚನ್ನಯ್ಯ ಸಣ್ಣ ಮಾಡಿದ. ಎಲ್ಲವೂ ಸಣ್ಣದಾಯಿತು. ದೊಡ್ಡದು ಮಾಡಿದ. ಸಿನಿಮಾ ಹಾಡೇ ದೊಡ್ಡದಾಯಿತು. ಆರತಿಯ ತಟ್ಟೆ ತಾಗಿದ ಸಪ್ಪಳವಿಲ್ಲ, ಬಳೆಯ ಸಪ್ಪಳವಿಲ್ಲ, ಮಾತಿಲ್ಲ. ಒಂದು ಹಾಡು ಮುಗಿದರೆ ಇನ್ನೊಂದು. ಕ್ಯಾಸೆಟ್ಟು ಬಂದ ಹೊಸದರಲ್ಲಿ ಮನೆ ತುಂಬ ಮಂದಿ ಕೂತು ಇದನ್ನೇ ನೋಡಿದ್ದರು. ನಗೆ, ಕೇಕೆ, 'ಅಗಾ ನಾ ಬಂದೆ, ನೀ ಬಂದಿ' ಎನ್ನುವ ಗದ್ದಲದಲ್ಲಿ ಅಂದು ಯಾರ ಕಿವಿಗೂ ಇದು ಬಿದ್ದಿರಲಿಲ್ಲ.

"ತಾಳು ತಾಳು, ತಳಗ ಇರತೈತಿ. ಮೊಸರ ಕಡದ್ರ ಬೆಣ್ಣಿ ಬರೂದಿಲ್ಲೇನು?" ಎಂದ ಚನ್ನಯ್ಯ. ವಾಯರು ಕಿತ್ತು ಮತ್ತೆ ಚುಚ್ಚಿದ.

ದನಿಯಿಂದ ದನಿ ಬಿಡಿಸುವ ಸಾಫ್ಟ್‌ವೇರೂ ಈಗ ಉಂಟು ಎಂದು ಆ ಹಿಂದಿ ಹುಡುಗನೇ ಹೇಳಿದ. ಚನ್ನಯ್ಯ ಅದನ್ನೂ ತಂದ. ಅದು ನಿಜವಾಗಿಯೂ ಬಿಡಿಸಿತು. ಡೋಲು ಒಂದು ಕಡೆ, ಪಿಟೀಲು ಒಂದು ಕಡೆ. ದನಿ ಬೇರೆಯಾಗಿ ಬಂದಾಗ ಗೌರಕ್ಕ ಎದೆಗೆ ಕೈಯಿಟ್ಟುಕೊಂಡು ಮುಂದಕ್ಕೆ ಬಾಗಿದಳು. ಕೇಳಿದರೆ ಸಿನಿಮಾದ ಹಾಡುಗಾರ್ತಿ, ಮೊದಲಿಗಿಂತ ಸ್ಪಷ್ಟವಾಗಿ.

ಮರುದಿನ ಚನ್ನಯ್ಯ ಕ್ಯಾಸೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಕೇಶ್ವಾಪುರಕ್ಕೆ ಹೋದ. ಹೋಗಬಾರದು ಎಂದುಕೊಂಡ ಬಾಗಿಲಿಗೇ ಹೋಗುವುದಾಯಿತು. ಅಮೀನಸಾಬನ ಅಂಗಡಿ ಈಗ ಅರ್ಧ ಝೆರಾಕ್ಸು, ಅರ್ಧ ಪಾಸ್‌ಪೋರ್ಟ್ ಫೋಟೋ. ಮದುವೆಯ ಶೂಟಿಂಗೆಲ್ಲ ಮಗ ರಿಯಾಜನ ಕೈಗೆ ಹೋಗಿದೆ.

"ಬರ್ರಿ ಬರ್ರಿ ಅಯ್ಯಾರ! ಉಣಕಲ್ ಕೆರಿ ಕೋಡಿ ಬಿದ್ದು ಕೇಶ್ವಾಪುರಕ್ಕ ಬಂತೇನು?" ಎಂದು ಅಮೀನಸಾಬ ಕುರ್ಚಿ ಝಾಡಿಸಿದ. "ಎಲ್ಲಾ ನಾನs ಮಾಡ್ಕೋತೀನಿ ಅನ್ನಾವ್ರು ನಮ್ಮಂಥಾ ಬಡವರ ಕಡೆ ಬಂದ್ರೆಲ್ಲ."

"ಚಾಷ್ಟಿ ಆಮ್ಯಾಲೆ ಮಾಡು. ಸಾಬ, ಈ ಹಾಡಿನ ತಳಗ ನಮ್ಮ ಅತ್ತಿಯವರ ದನಿ ಐತಿ. ಅದನ್ನಷ್ಟು ಎತ್ತಿ ಕೊಡು."

ಅಮೀನಸಾಬ ಕ್ಯಾಸೆಟ್ಟನ್ನು ಕೈಗೆ ತೆಗೆದುಕೊಂಡು, ಅದರ ಬೆನ್ನಿನ ಮೇಲೆ ತನ್ನದೇ ಅಕ್ಷರ ನೋಡಿ ಹೆಬ್ಬೆರಳಿನಿಂದ ಸವರಿದ.

"ತಳಗ ಇದ್ರ ಎತ್ತಬಹುದಿತ್ರಿ ಅಯ್ಯಾರ. ಇದು ಅಳಿಸಿ ಬರದದ್ದು. ಪಾಟಿ ಒರಸಿ ಬ್ಯಾರೆ ಅಕ್ಷರ ಬರದ್ರ, ಹಳೇ ಅಕ್ಷರ ಪಾಟಿ ತಳಗ ಕುಂತಿರತೈತೇನ್ರಿ?"

"ಮತ್ತ ಮೊದಲಿಂದು? ನೀ ಕ್ಯಾಮರಾದಾಗ ಹಾಕಿದ್ದು?"

"ರಫ್ ಕ್ಯಾಸೆಟ್ಟೇನ್ರಿ? ಅದರ ಮ್ಯಾಲೆ ಬೆಂಗೇರ್ಯಾಗಿನ ಮದುವಿ ಹೊಡದಿರತೀನಿ. ಅದರ ಮ್ಯಾಲೆ ಮತ್ತೊಂದು ಜವಳ, ಮತ್ತೊಂದು ತೊಟ್ಟಿಲ. ಆವಾಗ ಎಲ್ಲಾರೂ ಹಂಗs ಮಾಡತಿದ್ವಿ."

"ದನಿ ಯಾಕ ಅಳಿಸಿದಿ ಮತ್ತ? ಯಾರ ಹೇಳಿದ್ರು ನಿನಗ?" ಚನ್ನಯ್ಯನ ಗಂಟಲು ಏರಿತು. ಝೆರಾಕ್ಸಿಗೆ ಬಂದವರು ತಿರುಗಿ ನೋಡಿದರು.

ಅಮೀನಸಾಬ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. "ಹೋಗಲಿ ಬಿಡ್ರಿ. ಚಾ ಹೇಳ್ತೀನಿ."

"ಚಾ ಬ್ಯಾಡ. ಹೇಳು."

"ಏನ ಹೇಳಲ್ರೀ ಅಯ್ಯಾರ. ನೀವs ಇಲ್ಲೆ ಕುಂತಿದ್ರಿ. ಈ ಹೆಂಗಸೂರ ಗದ್ಲಾ ತಗದ ಒಗಿ, ನಾಕ ಮಂದಿ ಹೌದ ಹೌದ ಅನ್ನೂವಂಥಾ ಹಾಡ ಹಾಕು, ಕಮಲದ ಹೂವಿನಾಗಿಂದ ಭಾಗ್ಯಾನ ಮಾರಿ ಬರಬೇಕು ಅಂದ್ರಿ. ಹಾಕಿದ್ನಿ. ಕಮಲ ನೋಡಿ ಖುಷಿಯಾಗಿ ನನಗ ಶಾಲು ಹೊಚ್ಚಿದ್ರಿ. ಆ ಶಾಲ ಇನ್ನೂ ಐತ್ರಿ. ಥಂಡಿ ಬಿದ್ರ ನಮ್ಮ ಮನಿಯಾಕಿ ಮಕ್ತುಮಬಿ ಹೊಚ್ಚಿಕೊಂಡ ಕುಂದರ್ತಾಳ."

ಚನ್ನಯ್ಯನಿಗೆ ಶಾಲಿನ ಬಣ್ಣವೂ ನೆನಪಾಯಿತು. ಕೆಂಪು, ಜರಿಯಂಚಿನದು. ಸಂತೆಯಲ್ಲಿ ಎತ್ತು ಕಳೆದುಕೊಂಡವನಂತೆ ಕುರ್ಚಿಯ ಮೇಲೆ ಕೂತುಬಿಟ್ಟ. ಅವನು ಬೇಡವೆಂದ ಚಹಾವನ್ನೇ ಅಮೀನಸಾಬ ತರಿಸಿ ಕೈಗೆ ಹಿಡಿಸಿದ.

"ಒಂದ ಮಾಡ್ರಿ," ಎಂದ ಕೊನೆಗೆ. "ಚಿತ್ರ ಹಗೂರಕ ಓಡಿಸಿ ತುಟಿ ನೋಡ್ರಿ. ಗೌರಕ್ಕಗ ತಾಯಿ ಬಾಯಿ ಗುರುತ ಹತ್ತಬಹುದು."

ಆ ಒಂದು ಮಾತನ್ನು ಗಂಟು ಕಟ್ಟಿಕೊಂಡು ಚನ್ನಯ್ಯ ಉಣಕಲ್ಲಿಗೆ ಬಂದ. ದನಿ ಅಳಿಸಿ ಹೋಗಿದೆ ಎಂದಷ್ಟೇ ಹೆಂಡತಿಗೆ ಹೇಳಿದ. ಯಾಕೆ ಎಂದು ಅವಳು ಕೇಳಲಿಲ್ಲ.

ಸಾಫ್ಟ್‌ವೇರಿನಲ್ಲಿ ಹಾಡನ್ನು ಪೂರ್ತಿ ಬಂದ್ ಮಾಡಿ, ಚಿತ್ರವನ್ನು ಬಸವನ ಹುಳದ ನಡಿಗೆಗೆ ಇಳಿಸಿದ. ಕಲ್ಲವ್ವ ಹಾಡಲು ಕೂತ ಜಾಗ ಬಂತು. ಗೌರಕ್ಕ ಕನ್ನಡಕ ಏರಿಸಿಕೊಂಡು ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದಳು. ಕಲ್ಲವ್ವ ಕೆಮ್ಮಿ ಗಂಟಲು ಸರಿ ಮಾಡಿಕೊಂಡಳು. ಆಮೇಲೆ ಇಳಕಲ್ಲ ಸೀರೆಯ ಸೆರಗಿನ ತುದಿಯನ್ನು ಎತ್ತಿ ಬಾಯಿಗೆ ಅಡ್ಡ ಹಿಡಿದಳು.

ಸೆರಗಿನ ಹಿಂದೆ ಗದ್ದ ಅಲುಗುತ್ತಿತ್ತು. ಕೊರಳಿನ ನರ ಏರಿ ಇಳಿಯುತ್ತಿತ್ತು. ತಲೆ ತಾಳಕ್ಕೆ ತೂಗುತ್ತಿತ್ತು. ತುಟಿ ಮಾತ್ರ ಇಲ್ಲ.

"ಸೆರಗ ಯಾಕ ಹಿಡದ್ಲು ಮುದಕಿ? ಹಾಡಾಕ ಕುಂತ ಮ್ಯಾಲೆ ಬಾಯಿ ಬಿಟ್ಟ ಹಾಡೂದಲ್ಲೇನು?" ಚನ್ನಯ್ಯ ತಡೆಯಲಾರದೆ ಸಿಡುಕಿದ.

ಗೌರಕ್ಕ ಪರದೆಯ ಅಂಚಿಗೆ ಬೆರಳು ತೋರಿಸಿದಳು. ಅಲ್ಲಿ ಚಿತ್ರದೊಳಕ್ಕೆ ಒಂದು ಕೈ ಚಾಚಿತ್ತು. ಹೀಗೆ ಹಿಡಿ, ಹಾಗೆ ಹಿಡಿ ಎಂದು ಕ್ಯಾಮರಾದವನಿಗೆ ಹೇಳುವ ಕೈ. ಬೆರಳಿನಲ್ಲಿ ಹಸಿರು ಹರಳಿನ ಉಂಗುರ. ಆ ಉಂಗುರ ಈಗಲೂ ಚನ್ನಯ್ಯನ ಬೆರಳಲ್ಲೇ ಇತ್ತು, ಲ್ಯಾಪ್‌ಟಾಪಿನ ಗುಂಡಿಯ ಮೇಲೆ.

"ಅಳ್ಯಾ ಎದರಿಗೆ ನಿಂತ್ರ ನಮ್ಮವ್ವ ನೀರ ಸುದ್ದಾ ಕುಡೀತಿದ್ದಿಲ್ಲ," ಎಂದಳು ಗೌರಕ್ಕ. "ಬಾಯಿ ಬಿಟ್ಟ ಹೆಂಗ ಹಾಡ್ಯಾಳ್ರಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಚನ್ನಯ್ಯ ಚಿತ್ರ ಮುಂದೆ ಬಿಟ್ಟ. ಕೈ ಹಾಗೇ ಇತ್ತು, ಸೆರಗು ಹಾಗೇ ಇತ್ತು. ಎಷ್ಟೋ ಹೊತ್ತಿನ ಮೇಲೆ ಯಾರೋ ಕರೆದರೇನೋ, ಕೈ ಚಿತ್ರದಿಂದ ಹೊರಗೆ ಹೋಯಿತು. ಸೆರಗು ಮೆಲ್ಲಗೆ ಇಳಿಯಿತು.

"ನಿಂದರಸ್ರಿ! ನಿಂದರಸ್ರಿ!"

ನಿಲ್ಲಿಸಿದ. ಕಲ್ಲವ್ವನ ಬೊಚ್ಚು ಬಾಯಿ ಅಗಲವಾಗಿ ತೆರೆದಿತ್ತು. ಒಂದೊಂದೇ ಚಿತ್ರ ಮುಂದೆ ಸರಿಸಿದ. ಬಾಯಿ ಇನ್ನೂ ಅಗಲವಾಯಿತು, ಕಣ್ಣು ಮುಚ್ಚಿತು, ಭುಜ ಕುಣಿಯಿತು.

"ನಗಾಕತ್ತಾಳ್ರಿ," ಎಂದಳು ಗೌರಕ್ಕ. "ಹಾಡ ಮುಗದೈತಿ."

ಮತ್ತೆ ಹಿಂದಕ್ಕೆ ತಂದು ತೋರಿಸು ಎಂದಳು. ತೋರಿಸಿದ. ಇನ್ನೊಮ್ಮೆ ಎಂದಳು. ತಾಯಿ ಸೆರಗು ಇಳಿಸಿ ನಗುವುದನ್ನು ನೋಡುತ್ತ ಗೌರಕ್ಕ ತಾನೂ ಬಾಯಿ ತೆರೆದು ಕೂತಳು. ತೊಡೆಯ ಮೇಲಿನ ಖಣವನ್ನು ಅವಳ ಬೆರಳು ಮಡಚುತ್ತಿತ್ತು, ಬಿಚ್ಚುತ್ತಿತ್ತು.

ಚನ್ನಯ್ಯ ಹಿಡಿದ ಕೆಲಸ ಬಿಡುವವನಲ್ಲ. ಸಿನಿಮಾ ಹಾಡುಗಳನ್ನೆಲ್ಲ ಕಿತ್ತು ಹಾಕಿ, ಕಮಲವನ್ನೂ ಕತ್ತರಿಸಿ, ಮೂಕ ಚಿತ್ರವನ್ನು ಡಿಸ್ಕಿಗೆ ಇಳಿಸಿದ. ಕುಬಸದ ಮುಂಜಾನೆ ಧಾರವಾಡದಲ್ಲಿ ಅದನ್ನು ಮಗಳ ಕೈಗೆ ಕೊಟ್ಟ. ಭಾಗ್ಯಶ್ರೀ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಅಪ್ಪಾ, ಇದನ್ನ ಹಾಕೂದ ಎಲ್ಲೆ? ನಮ್ಮ ಮನ್ಯಾಗಿನ ಯಾ ಲ್ಯಾಪ್‌ಟಾಪಿಗೂ ಡಿಸ್ಕ್ ಹಾಕೂ ಜಾಗಾನ ಇಲ್ಲ."

"ಇರಲಿ ಇಟಗೊ," ಎಂದ. ಅವಳು ಅದನ್ನು ದೇವರ ಜಗಲಿಯ ಮೇಲೆ, ವಿಭೂತಿ ಗಟ್ಟಿಯ ಪಕ್ಕದಲ್ಲಿ ಇಟ್ಟಳು.

ಪಡಸಾಲೆಯಲ್ಲಿ ಹೂವಿನ ಕುರ್ಚಿಯ ಮೇಲೆ ನಿರುಪಮಾ ಕೂತಿದ್ದಳು. ಹಸಿರು ಸೀರೆ, ಮೊಣಕೈವರೆಗೆ ಹಸಿರು ಬಳೆ. ಬೀಗರ ಹೆಂಗಸರು, ಓಣಿಯ ಹೆಂಗಸರು ಒತ್ತೊತ್ತಾಗಿ ಕೂತಿದ್ದರು. ಉಡಿ ತುಂಬಿದ್ದಾಯಿತು, ಆರತಿಯಾಯಿತು. ಕ್ಯಾಮರಾದವನ ಪಕ್ಕದಲ್ಲಿ ಭಾಗ್ಯಶ್ರೀಯ ಗಂಡ ವಿನೋದ ನಿಂತು, "ಅಲ್ಲೆ ಹೋಗ್ರಿ, ಲೈಟ್ ಈ ಕಡೆ ತಿರಗಸ್ರಿ" ಎಂದು ಕೈ ಮಾಡುತ್ತಿದ್ದ. ಅಳಿಯ ಒಳ್ಳೆಯವನು. ಮಗಳ ಕಾರ್ಯ ಚಂದ ಬರಲಿ ಎಂಬ ಆಸೆ.

"ಅಜ್ಜಿ ಹಾಡ ಹೇಳ್ತಾರಂತ, ಹಾಡ!" ಎಂದು ಯಾರೋ ಎಬ್ಬಿಸಿದರು. ಗೌರಕ್ಕ ಮೊಮ್ಮಗಳ ಎಡಕ್ಕೆ ಹೋಗಿ ಕೂತಳು. ಕೆಮ್ಮಿ ಗಂಟಲು ಸರಿ ಮಾಡಿಕೊಂಡಳು. ಕಣ್ಣೆತ್ತಿ ನೋಡಿದಳು. ಎದುರಿಗೆ ಅಳಿಯ. ಅವಳಿಗೆ ಅರಿವಿತ್ತೋ ಇಲ್ಲವೋ, ಕೈ ತಾನಾಗಿ ಸೆರಗಿನ ತುದಿ ಹಿಡಿದು ಬಾಯಿಗೆ ಏರಿತು.

ಬಾಗಿಲಲ್ಲಿ ನಿಂತಿದ್ದ ಚನ್ನಯ್ಯನಿಗೆ ಸೆರಗು ತೆಗಿ ಎಂದು ಕೂಗಬೇಕೆನಿಸಿತು. ಅಷ್ಟು ಹೆಂಗಸರ ನಡುವೆ ಕೂಗುವುದು ಹೇಗೆ? ಅವನು ಗೋಡೆಗೆ ಅಂಟಿಕೊಂಡು ದಾಟಿಕೊಂಡು ಹೋಗಿ ಅಳಿಯನ ತೋಳು ಹಿಡಿದ.

"ಬರ್ರಿ ವಿನೋದರ, ಹೊರಗ ಹೋಗಿ ಎಲಿ ಅಡಿಕಿ ಹಾಕ್ಕೊಳ್ಳೂಣು."

"ಮಾವಾರ, ಈಗೇನ್ರಿ? ಹಾಡ ಶುರು ಆಗಾಕತ್ತೈತಿ."

"ಅದಕ್ಕs ಬರ್ರಿ ಅಂತೀನಿ. ನಡೀರಿ."

ಹಿರಿಯರ ಮಾತು ಮೀರಲಾರದೆ ವಿನೋದ ಹಿಂದೆ ಹಿಂದೆ ನೋಡುತ್ತ ಬಂದ. ಕಟ್ಟೆಯ ಮೇಲೆ ಕೂತು ಚನ್ನಯ್ಯ ಚಂಚಿ ಬಿಚ್ಚಿದ. ಒಳಗಿನಿಂದ ಹೆಂಡತಿಯ ದನಿ ಬಂತು, ಬಟ್ಟೆಯ ಅಡ್ಡಿಯಿಲ್ಲದ ದನಿ.

"ಹೊಸ್ತಿಲ ದಾಟವ್ವ ಹಸರ ಸೀರಿಯ ಮಗಳ
ಹೊಸ ಬಳಿಯ ಸಪ್ಪಳ ಕೇಳಲಿ, ನಿನ್ನೊಡಲ
ಕೂಸ ಎಚ್ಚತ್ತು ನಗಲೆವ್ವ"

"ಅತ್ತಿಯವರ ದನಿ ಇಷ್ಟ ಛಲೋ ಐತಿ ಅಂತ ನನಗ ಗೊತ್ತ ಇದ್ದಿಲ್ರಿ," ಎಂದ ವಿನೋದ. "ಇನ್ನೂ ಎಷ್ಟ ನುಡಿ ಅದಾವ್ರಿ ಮಾವಾರ?"

ಚನ್ನಯ್ಯ ಎಲೆಗೆ ಸುಣ್ಣ ಸವರುತ್ತಲೇ ಇದ್ದ. ಒಳಗೆ ನುಡಿ ಮುಗಿಯಿತು. ಬಳೆಗಳ ಸಪ್ಪಳವೂ ನಿಂತಿತು. ಒಂದು ಕೂಸು ಅತ್ತಿತು, ಯಾರೋ ಶ್ ಎಂದರು. ಹೆಂಗಸರೆಲ್ಲ ಮುಂದಿನ ನುಡಿಗೆ ಕಾಯುತ್ತಿದ್ದರು. ಕಟ್ಟೆಯ ಮೇಲೆ ಚನ್ನಯ್ಯನೂ ಎಲೆ ಹಿಡಿದ ಕೈಯನ್ನು ಬಾಯಿಯ ಹತ್ತಿರ ನಿಲ್ಲಿಸಿಕೊಂಡು ಕಾದ. ಎಲ್ಲಿಂದಾದರೂ ಬಂದೀತು ಎಂದು ಕಾದ.

ಗೌರಕ್ಕನ ದನಿ ಮತ್ತೆ ಎದ್ದಿತು. ಹೊಸ್ತಿಲ ದಾಟವ್ವ ಹಸರ ಸೀರಿಯ ಮಗಳ.